ಏಳನೇ ಬ್ರೌನು ಕಿತ್ತ ವರ್ಷ

ಒದ್ದೆ ಗೋಣಿಚೀಲ ಎಳೆದುಕೊಂಡು ಏಳನೇ ಬ್ರೌನಿನ ಮೇಲೆ ಓಡುತ್ತಿದ್ದೆ. ಗಾಳಿ ನನಗಿಂತ ಮುಂದೆ ಓಡುತ್ತಿತ್ತು. ಒಂದು ಕಡೆ ಗೋಣಿ ಹಾಸಿ ಕಲ್ಲಿಡುವಷ್ಟರಲ್ಲಿ ಇನ್ನೊಂದು ಕಡೆ ಮರಳು ಎದ್ದು ಕಣ್ಣಿಗೆ, ಬಾಯಿಗೆ ನುಗ್ಗುತ್ತಿತ್ತು. ಕಳೆ ಕೀಳುವ ಅಕ್ಕ ದೂರದಲ್ಲಿ ಹುಣಸೆಮರದ ಕೆಳಗೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ಅಲ್ಲಿಂದಲೇ ಕೂಗಿದಳು.

"ಬಿಡ್ಲಾ. ಗಾಳೀನ ಗೋಣಿಲಿ ಕಟ್ತೀಯಾ?"

ನಾನು ಬಿಡಲಿಲ್ಲ. ಗಾಳಿ ನಿಂತಾಗ ನೋಡಿದರೆ ಅರ್ಧ ಬ್ರೌನು ಹೋಗಿತ್ತು. ಕೆಳಗಿನ ಗರಸು ಬೋಳುತಲೆಯ ಹಾಗೆ ಕಾಣುತ್ತಿತ್ತು. ಏಪ್ರಿಲ್ ತಿಂಗಳು. ಮೇಸ್ತ್ರಿ ಊರು ಬಿಟ್ಟು ಇನ್ನೂ ಎಂಟು ದಿನ ಆಗಿರಲಿಲ್ಲ.

ಬ್ರೌನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಗಾಲ್ಫ್ ಆಟದಲ್ಲಿ ಕೊನೆಗೆ ಚೆಂಡನ್ನು ಕುಳಿಗೆ ಬೀಳಿಸಬೇಕು. ಬೇರೆ ಊರುಗಳಲ್ಲಿ ಆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದೆ, ಅದಕ್ಕೆ ಗ್ರೀನ್ ಅನ್ನುತ್ತಾರೆ. ನಮ್ಮಲ್ಲಿ ಹುಲ್ಲಿಗೆ ಹಾಕುವಷ್ಟು ನೀರು ಯಾವತ್ತೂ ಇರಲಿಲ್ಲ. ಬೇತಮಂಗಲದ ಕೆರೆ ನೀರು ಮನೆಗಳಿಗೇ ಸಾಲದು. ಅದಕ್ಕೇ ದೊರೆಗಳ ಕಾಲದಿಂದ ಹುಲ್ಲಿನ ಬದಲು ಮರಳು. ಜರಡಿ ಹಿಡಿದ ಮರಳಿಗೆ ಲಾರಿ ಇಂಜಿನ್‌ನಿಂದ ಇಳಿಸಿದ ಹಳೇ ಆಯಿಲ್ ಕಲಸಿ, ಗರಸಿನ ಮೇಲೆ ಎರಡು ಬೆರಳು ದಪ್ಪ ಹಾಸಿ, ಉರುಳೆಯಿಂದ ಒತ್ತಿದರೆ ಒಂದು ದುಂಡನೆಯ ಅಂಗಳ ಆಗುತ್ತದೆ. ಕಂದು ಬಣ್ಣ, ಅದಕ್ಕೇ ಬ್ರೌನ್. ನಮ್ಮ ಮೈದಾನದಲ್ಲಿ ಅಂಥವು ಒಂಬತ್ತು ಇದ್ದವು.

ಒಂಬತ್ತೂ ಮೇಸ್ತ್ರಿಯ ಕೈಯಲ್ಲಿದ್ದವು. ಮೇಸ್ತ್ರಿ ಊರಿಗಾಂ ಲೈನಿನವರು, ಅಂದರೆ ಚಿನ್ನದ ಗಣಿ ಕೆಲಸಗಾರರ ಸಾಲುಮನೆಯವರು. ಮನೆಮಾತು ತಮಿಳು. ಅವರ ಅಪ್ಪ ಗಣಿಯ ಮಿಲ್ಲಿನಲ್ಲಿ ಕಲ್ಲು ಅರೆಯುವ ಕೆಲಸದಲ್ಲಿದ್ದರಂತೆ. ಇವರು ಮಾತ್ರ ಮೀಸೆ ಬರುವ ಮುಂಚೆಯಿಂದ ಮೈದಾನದಲ್ಲೇ. ಒಂಬತ್ತು ಬ್ರೌನಿಗೂ ಒಂದೇ ಅಳತೆ. ಕುಳಿಯ ನಡುವೆ ಕಬ್ಬಿಣದ ಗೂಟ ನೆಟ್ಟು, ಹಗ್ಗ ಕಟ್ಟಿ, ಹಗ್ಗದ ತುದಿಯ ಗಂಟು ಹಿಡಿದು ಸುತ್ತು ಬಂದರೆ ಅದೇ ಅಂಚು. ಇಪ್ಪತ್ತಡಿ. ಆ ಗಂಟನ್ನು ಯಾರೂ ಮುಟ್ಟುವಂತಿರಲಿಲ್ಲ. ಹಗ್ಗ ಸವೆದರೆ ಹಳೇ ಹಗ್ಗದ ಪಕ್ಕ ಇಟ್ಟು ಹೊಸದಕ್ಕೆ ಅವರೇ ಗಂಟು ಹಾಕುತ್ತಿದ್ದರು.

ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಂಗಾರಪೇಟೆ ಕಡೆಯ ಹಳ್ಳಿ. ಮನೆಯಲ್ಲಿ ಎರಡು ಸೀಮೆಹಸು, ಸ್ವಲ್ಪ ರಾಗಿ ಹೊಲ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬೈಕಿನಲ್ಲಿ ಬರುತ್ತಿದ್ದೆ. ಮೊದಲ ವರ್ಷ ಮೇಸ್ತ್ರಿ ನನಗೆ ಬ್ರೌನ್ ಮುಟ್ಟಲು ಬಿಟ್ಟಿರಲಿಲ್ಲ. ಹುಲ್ಲು ಕತ್ತರಿಸು, ಮೋರಿ ತೆಗೆ, ದನ ಅಟ್ಟು, ಅಷ್ಟೇ. ಎರಡನೇ ವರ್ಷ ಮರಳು ಸಮ ಮಾಡಲು ಎಳೆಯುವ ಹಲಗೆ ಕೈಗೆ ಕೊಟ್ಟರು. ಕುಳಿಯ ಹತ್ತಿರ ಶುರು ಮಾಡಿ ಜಿಲೇಬಿ ಹಾಕಿದ ಹಾಗೆ ಸುತ್ತುತ್ತಾ ಹೊರಗೆ ಬರಬೇಕು. ಬರಿಗಾಲು. ನಡುವೆ ನಿಲ್ಲಬಾರದು. ನಿಂತರೆ ಅಲ್ಲೊಂದು ಗೆರೆ ಬೀಳುತ್ತದೆ, ಆ ಗೆರೆ ಹತ್ತಿದ ಚೆಂಡು ಪಕ್ಕಕ್ಕೆ ತಿರುಗುತ್ತದೆ. ನಾನು ಎಳೆಯುವಾಗ ಅವರು ಅಂಚಿನಲ್ಲಿ ಬೀಡಿ ಹಚ್ಚಿ ನಿಲ್ಲುತ್ತಿದ್ದರು. ಸರಿ ಇದ್ದರೆ ಏನೂ ಹೇಳುತ್ತಿರಲಿಲ್ಲ. ಸರಿ ಇಲ್ಲದಿದ್ದರೆ ಬೀಡಿ ಎಸೆದು ಮುಂದಿನ ಬ್ರೌನಿಗೆ ಹೊರಟುಬಿಡುತ್ತಿದ್ದರು. ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕು.

ಈಗ ನಾನು ಬೇರೆ ಕಡೆ ಇದ್ದೇನೆ. ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರು ಕಡೆಯ ಒಂದು ಹುಲ್ಲಿನ ಮೈದಾನಕ್ಕೆ ಹೋಗುತ್ತೇನೆ. ಅಲ್ಲಿ ನೆಲದಲ್ಲಿ ಕಡ್ಡಿ ಚುಚ್ಚಿದರೆ ತೇವ ಎಷ್ಟಿದೆ ಅಂತ ಮಿಷನ್ನೇ ಹೇಳುತ್ತದೆ. ಒಳ್ಳೆಯದೇ. ಆದರೆ ಲಾರಿ ಗ್ಯಾರೇಜಿನ ಮುಂದೆ ಹೋಗುವಾಗ ಹಳೇ ಆಯಿಲ್ ವಾಸನೆ ಬಂದರೆ ಈಗಲೂ ಕಾಲು ನಿಧಾನವಾಗುತ್ತದೆ. ಆ ವಾಸನೆ ಬೆಳಗಿನ ಬಿಸಿಲಿಗೆ ಮರಳಿನಿಂದ ಏಳುತ್ತಿತ್ತು. ಅಕ್ಕ ತರುತ್ತಿದ್ದ ಟೀ ಕೂಡ ಅದೇ ವಾಸನೆ ಹೊಡೆಯುತ್ತಿತ್ತು.

ಆ ವರ್ಷದ ಮಾತಿಗೆ ಬರುತ್ತೇನೆ. ಮೇಸ್ತ್ರಿಯ ಮೊಣಕಾಲು ಕೆಟ್ಟಿತ್ತು. ಆಪರೇಷನ್ ಮಾಡಿಸಿಕೊಂಡು ಕುಪ್ಪಂನಲ್ಲಿ ಮಗಳ ಮನೆಯಲ್ಲಿ ಇರಬೇಕಾಯಿತು. ಅದೇ ಹೊತ್ತಿಗೆ ಕ್ಲಬ್ಬಿನ ಕಮಿಟಿಯಲ್ಲಿ ಇನ್ನೊಂದು ಮಾತು ಎದ್ದಿತ್ತು. ಬ್ರೌನ್ ಎಲ್ಲ ತೆಗೆದು ಹಸಿರು ಪ್ಲಾಸ್ಟಿಕ್ ಕಾರ್ಪೆಟ್ ಹಾಕಿಬಿಡೋಣ, ಆಯಿಲ್ ಬೇಡ, ಎಳೆಯುವುದು ಬೇಡ, ಮೇಸ್ತ್ರಿಯೂ ಬೇಡ ಅಂತ. ಸೆಕ್ರೆಟರಿ ನಮ್ಮನ್ನು ಕರೆದು ನೇರವಾಗಿಯೇ ಹೇಳಿದರು. ಜನವರಿಯಲ್ಲಿ ಹೊರಗಿನವರು ಆಡಲು ಬರುತ್ತಾರೆ. ಆ ಮ್ಯಾಚಿಗೆ ಬ್ರೌನ್ ಚೆನ್ನಾಗಿದ್ದರೆ ಹೀಗೇ ಇರಲಿ. ಇಲ್ಲದಿದ್ದರೆ ಕಾರ್ಪೆಟ್. ಸೆಕ್ರೆಟರಿ ಕೆಟ್ಟವರಲ್ಲ. ರಿಟೈರ್ ಆದ ಮನುಷ್ಯ, ತಾವೂ ಆಡುತ್ತಿದ್ದರು.

ಹೊರಡುವ ದಿನ ಮೇಸ್ತ್ರಿ ಹಗ್ಗ, ಗೂಟ, ಹಲಗೆ ನನ್ನ ಕೈಗೆ ಕೊಟ್ಟರು.

"ನೋಡ್ಕೋ ತಂಬಿ. ಬ್ರೌನು ಓಯ್ತು ಅಂದ್ರೆ ನಾನು ಓದಂಗೆ."

ಎಂಟು ದಿನದಲ್ಲಿ ಅರ್ಧ ಬ್ರೌನು ಗಾಳಿಗೆ ಕೊಟ್ಟೆ.

ತಪ್ಪು ಗಾಳಿಯದಲ್ಲ. ಬೇಸಿಗೆಯಲ್ಲಿ ಆಯಿಲ್ ಬೇಗ ಒಣಗುತ್ತದೆ. ಹದಿನೈದು ದಿನಕ್ಕೊಮ್ಮೆ ಸಿಂಪಡಿಸಬೇಕು, ಮೇಸ್ತ್ರಿ ಹೋದ ವಾರವೇ ಅದರ ಸರದಿ. ರಾಬರ್ಟ್‌ಸನ್‌ಪೇಟೆ ಗ್ಯಾರೇಜಿಗೆ ನಾನು ನಾಳೆ ಹೋದರಾಯಿತು ಅಂತ ಎರಡು ಸಲ ಅಂದುಕೊಂಡಿದ್ದೆ. ಉಳಿದ ಎಂಟು ಬ್ರೌನುಗಳಿಗೆ ಮರದ ಮರೆ ಇತ್ತು, ತಡೆದವು. ಏಳನೆಯದು ದಿಣ್ಣೆಯ ಮೇಲೆ. ಅಲ್ಲಿ ನಿಂತರೆ ಹಳೇ ಗಣಿ ಶಾಫ್ಟಿನ ಕಬ್ಬಿಣದ ಗೋಪುರದಿಂದ ಹಿಡಿದು ಮಾರಿಕುಪ್ಪಂ ಕಡೆ ಹೋಗುವ ರೈಲಿನವರೆಗೂ ಕಾಣುತ್ತದೆ. ಏನೂ ಮರೆ ಇಲ್ಲ.

ಮರಳು ಬೇಕಾಯಿತು. ಮುಂಚೆ ಪಾಲಾರ್ ಹಳ್ಳದಿಂದ ಎತ್ತಿನ ಗಾಡಿಯಲ್ಲಿ ತರುತ್ತಿದ್ದರಂತೆ. ಈಗ ಪರ್ಮಿಟ್ ಇಲ್ಲದೆ ಒಂದು ಚೀಲ ತಂದರೂ ಪೊಲೀಸರು ಹಿಡಿಯುತ್ತಾರೆ. ಎರಡು ಮೂರು ಕಡೆ ವಿಚಾರಿಸಿದೆ, ಆಗಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಎಂಟು ದಿನಕ್ಕೇ ಹಾಳು ಮಾಡಿದೆ ಅಂತ ಹೇಳಲು ಬಾಯಿ ಬರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಮೋರಿಯ ಪುಡಿ. ನಮ್ಮ ಮೈದಾನದ ಅಂಚಿಗೆ ಸೈನೈಡ್ ಗುಡ್ಡ ಇದೆ. ಗಣಿಯಲ್ಲಿ ಕಲ್ಲು ಅರೆದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟು, ಗುಡ್ಡ ಗುಡ್ಡವೇ ಬಿದ್ದಿದೆ. ಮಳೆಗಾಲದಲ್ಲಿ ಅದು ಹರಿದು ಬಂದು ನಮ್ಮ ಮೋರಿಯಲ್ಲಿ ನಿಲ್ಲುತ್ತದೆ. ಪ್ರತಿ ವರ್ಷ ಅದನ್ನು ಎತ್ತಿ ಪಕ್ಕಕ್ಕೆ ಹಾಕುವುದು ನನ್ನದೇ ಕೆಲಸ. ಜರಡಿ ಹಿಡಿಯುವುದೇ ಬೇಡ, ಅಷ್ಟು ನುಣುಪು. ಹನ್ನೆರಡು ಚೀಲ ತುಂಬಿದೆ. ಅಕ್ಕ ಕುಡುಗೋಲು ಹಿಡಿದು ನೋಡುತ್ತಾ ನಿಂತಳು.

"ಅದನ್ಯಾಕ್ಲಾ ತಂದೆ? ಅದರ ಮ್ಯಾಲೆ ಒಂದು ಗರಿಕೆನೂ ಉಟ್ಟಲ್ಲ."

"ಬ್ರೌನಲ್ಲಿ ಗರಿಕೆ ಯಾಕಕ್ಕಾ ಬೇಕು? ನಿಂಗೇ ಕೆಲಸ ಕಮ್ಮಿ ಆಯ್ತದೆ."

ಅದು ಬುದ್ಧಿವಂತಿಕೆ ಅಂತಲೇ ನನಗೆ ಅನ್ನಿಸಿತ್ತು. ಲೈನಿನಲ್ಲಿ ಹುಟ್ಟಿದವನು ಯಾವನೂ ಹಾಗೆ ಮಾಡುತ್ತಿರಲಿಲ್ಲ. ಆ ಪುಡಿ ಅವರ ಅನ್ನದ ತಟ್ಟೆಗೆ ಬಿದ್ದಿದೆ, ಒಗೆದ ಬಟ್ಟೆಗೆ ಕೂತಿದೆ, ಅದರ ಗುಣ ಅವರಿಗೆ ಗೊತ್ತು. ನಾನು ಹೊಲದ ಕಡೆಯವನು. ನನಗೆ ಅದು ಬಿಟ್ಟಿ ಸಿಕ್ಕ ನಯವಾದ ಮರಳು.

ಉಳಿದಿದ್ದ ಹಳೇ ಮರಳು ಕೆರೆದು, ಪುಡಿ ಸೇರಿಸಿ, ಆಯಿಲ್ ಹಾಕಿ ಕಾಲಲ್ಲೇ ತುಳಿದು ಕಲಸಿದೆ. ಹಾಸಿದೆ. ಉರುಳೆ ಎಳೆದೆ. ಮೇ ತಿಂಗಳ ಬಿಸಿಲಿಗೆ ಅದು ಸಿಮೆಂಟು ನೆಲದ ಹಾಗೆ ಕೂತಿತು. ಸೆಕ್ರೆಟರಿ ಬಂದು ಒಂದು ಚೆಂಡು ತಳ್ಳಿದರು. ಗೆರೆ ಎಳೆದ ಹಾಗೆ ಹೋಗಿ ಕುಳಿಗೆ ಬಿತ್ತು. "ಮೇಸ್ತ್ರಿಗಿಂತ ನೀನೇ ವಾಸಿ ಕಣೋ," ಅಂದರು. ಆ ರಾತ್ರಿ ಮನೆಯಲ್ಲಿ ಅಪ್ಪನಿಗೆ ಎರಡು ಸಲ ಹೇಳಿದೆ.

ಜೂನ್‌ನಲ್ಲಿ ಮೊದಲ ಮಳೆ. ಮೃಗಶಿರ ಅಂತ ಅಪ್ಪ ಹೇಳಿದರು. ನಮ್ಮ ಕಡೆ ಅದು ದೊಡ್ಡ ಮಳೆಯಲ್ಲ. ಎಂಟು ಬ್ರೌನುಗಳ ಮೇಲೆ ನೀರು ಬಿದ್ದು ಜಾರಿ ಹೋಯಿತು, ಆಯಿಲ್ ಇದ್ದರೆ ಹಾಗೇ ಹೋಗಬೇಕು. ಏಳನೆಯದು ಕುಡಿಯಿತು. ಬಿಸಿಲು ಬಂದ ಮೇಲೆ ಮೇಲ್ಗಡೆ ಹಪ್ಪಳದ ಹಾಗೆ ಪದರ ಎದ್ದು ಬಿರುಕು ಬಿಟ್ಟಿತು. ಚೆಂಡು ಬಿರುಕಿನ ಮೇಲೆ ಕುಣಿಯಿತು. ನಾನು ಹಲ್ಲಿನ ಕುಂಟೆಯಿಂದ ಕೆರೆದು ಮತ್ತೆ ಉರುಳೆ ಎಳೆದೆ. ಮತ್ತೆ ಮಳೆ, ಮತ್ತೆ ಹಪ್ಪಳ. ಜುಲೈ, ಆಗಸ್ಟು ಇದೇ ಆಯಿತು.

ಆಗಸ್ಟಿನಲ್ಲಿ ಇನ್ನೊಂದು ಕಂಡಿತು. ಏಳನೇ ಬ್ರೌನಿನ ಇಳಿಜಾರಿನ ಕಡೆ ಹುಲ್ಲು ಹಳದಿಯಾಯಿತು. ಮೊದಲು ಅಂಗೈ ಅಗಲ, ಆಮೇಲೆ ಟವಲಿನಷ್ಟು. ಮೈದಾನಕ್ಕೆ ನುಗ್ಗುವ ಲೈನಿನ ದನಗಳು ಎಲ್ಲ ಕಡೆ ಮೇಯುತ್ತಿದ್ದವು, ಅಲ್ಲಿ ಮೂಸಿ ಮುಂದೆ ಹೋಗುತ್ತಿದ್ದವು. ಅಕ್ಕ ನನ್ನ ಮುಖ ನೋಡಿದಳು. ಕುಡುಗೋಲು ಎತ್ತಿಕೊಂಡು ಬೇರೆ ಕಡೆ ಹೋದಳು. 

ಸೆಪ್ಟೆಂಬರಿನಲ್ಲಿ ಮೇಸ್ತ್ರಿ ಬಂದರು. ಕೈಯಲ್ಲಿ ಕೋಲು. ಒಂದನೇ ಬ್ರೌನಿನಿಂದ ಶುರು ಮಾಡಿ ಒಂದೊಂದೇ ನೋಡುತ್ತಾ ಬಂದರು. ನಾನು ಹಿಂದೆ ನಡೆದೆ. ಆರರವರೆಗೆ ಮುಖದಲ್ಲಿ ಏನೂ ಇರಲಿಲ್ಲ. ಏಳನೆಯದರ ಅಂಚಿಗೆ ಬಂದವರು ಹಳದಿ ಹುಲ್ಲು ನೋಡಿ ನಿಂತರು. ಬಗ್ಗಲು ಆಗುತ್ತಿರಲಿಲ್ಲ. ನನಗೇ ಒಂದು ಚಿಟಿಕೆ ಎತ್ತಿ ಕೊಡು ಅಂದರು. ಹೆಬ್ಬೆರಳಿನಲ್ಲಿ ತಿಕ್ಕಿದರು. ಉಗುಳು ಹಾಕಿ ಮತ್ತೆ ತಿಕ್ಕಿದರು.

"ಯಾವ ಮೋರಿದು?"

ನಾನು ತೋರಿಸಿದೆ.

"ಇದು ಮರಳಲ್ಲ ಪಾ. ಅರೆದು ಅರೆದು ಸತ್ತೋದ ಕಲ್ಲು. ನೀರು ಬಿದ್ರೆ ಕೆಸರು, ಬಿಸ್ಲು ಬಿದ್ರೆ ಕಲ್ಲು. ಮರಳಾಗಕ್ಕಿಲ್ಲ." ಬೆರಳು ಒರೆಸಿಕೊಂಡು ಅಂದರು, "ಇದನ್ನೂ ಏಳ್ಕೊಡಬೇಕು ಅಂತ ನಂಗೇ ಒಳೀಲಿಲ್ಲ."

ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಯಾರಿಗೂ ಹೇಳಬೇಡ, ಐಪ್ಪಸಿ ಮಳೆ ಹಿಡಿಯುವ ಮುಂಚೆ ತೆಗೆದುಬಿಡೋಣ ಅಂದರು. ಐಪ್ಪಸಿ ಅವರ ತಮಿಳು ತಿಂಗಳು. ನಮ್ಮಪ್ಪ ಅದನ್ನೇ ಚಿತ್ತಾ, ಸ್ವಾತಿ ಅಂತ ಮಳೆ ಲೆಕ್ಕದಲ್ಲಿ ಹೇಳುತ್ತಿದ್ದರು. ಯಾವ ಹೆಸರಿನಲ್ಲಿ ಕರೆದರೂ ಆ ವರ್ಷ ಮಳೆ ಮುಂಚೆಯೇ ಬಂತು. ನಾವು ಒಂದು ಮೂಲೆ ಕೆರೆಯುವಷ್ಟರಲ್ಲಿ ಐದು ದಿನ ಬಿಡದೆ ಜಡಿಯಿತು. ಏಳನೇ ಬ್ರೌನು ದೋಸೆ ಹಿಟ್ಟಾಯಿತು. ಕುಳಿ ತುಂಬಿ ಮುಚ್ಚಿಹೋಯಿತು. ಆಯಿಲ್ ಬಣ್ಣ ಬಣ್ಣವಾಗಿ ಇಳಿಜಾರಿನಲ್ಲಿ ಹರಿಯಿತು.

ಆರನೇ ದಿನ ಸೆಕ್ರೆಟರಿ ಛತ್ರಿ ಹಿಡಿದು ಬಂದರು. ಒಂದು ಹೆಜ್ಜೆ ಇಟ್ಟರು. ಶೂ ಒಳಗೆ ಹೋಯಿತು. ಎಳೆದುಕೊಂಡರೆ ಕಾಲು ಬಂತು, ಶೂ ಬರಲಿಲ್ಲ. ಒಂಟಿ ಕಾಲಲ್ಲಿ ನಿಂತು, ಇದಕ್ಕೆ ಏನು ಹಾಕಿದ್ದೀರಿ, ಯಾರು ಹಾಕಿದ್ದು ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ಮೇಸ್ತ್ರಿ ಹೇಳಿದರು.

"ನಾನೇ ಸಾರ್. ಊರಿಂದ ಫೋನಲ್ಲಿ ಏಳಿ ಆಕಿಸ್ದೆ."

 ಶೂ ಕಿತ್ತು ತೊಳೆದು ಕೊಟ್ಟೆ. ಅಷ್ಟೇ ಮಾಡಿದ್ದು ನಾನು ಆವತ್ತು.

ಒಂದು ವಾರ ಆಯಿತು. ಹುಲ್ಲು ಕತ್ತರಿಸುವ ಮಿಷನ್ನಿಗೆ ಡೀಸೆಲ್ ಚೀಟಿ ಬರೆಸಲು ಆಫೀಸಿಗೆ ಹೋಗಿದ್ದೆ. ಸೆಕ್ರೆಟರಿ ಚೀಟಿ ಬರೆಯುತ್ತಾ ತಾವಾಗಿಯೇ ಹೇಳಿದರು. ಕಮಿಟಿ ಇನ್ನು ಜನವರಿವರೆಗೂ ಕಾಯುವುದಿಲ್ಲ. ಮೇಸ್ತ್ರಿಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ, ಇಷ್ಟು ವರ್ಷದ ಅನುಭವಸ್ಥನೇ ಇಂಥ ಪುಡಿ ಹಾಕಿಸಿದರೆ ಬ್ರೌನ್ ನಂಬಿಕೊಂಡು ಏನು ಮಾಡುವುದು ಅಂತ ಮಾತಾಗಿದೆ. ಡಿಸೆಂಬರ್ ಮೊದಲ ವಾರ ಕಾರ್ಪೆಟ್‌ನವನು ಅಳತೆಗೆ ಬರುತ್ತಾನೆ.

ಅಂದರೆ ಮೇಸ್ತ್ರಿ ನನ್ನನ್ನು ಉಳಿಸಲು ಹೇಳಿದ ಸುಳ್ಳೇ ಅವರ ಕುತ್ತಿಗೆಗೆ ಬಂದಿತ್ತು. ಚೀಟಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಇನ್ನೇನು ಅಂದರು.

"ಪುಡಿ ಆಕಿದ್ದು ನಾನು ಸಾರ್. ಮೇಸ್ತ್ರಿಗೆ ಗೊತ್ತೇ ಇರಲಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ಆವತ್ತೇ ಯಾಕೆ ಹೇಳಲಿಲ್ಲ?"

"ಭಯ ಸಾರ್."

"ಈಗ ಇಲ್ವಾ?"

"ಈಗಲೂ ಐತೆ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಕೊನೆಗೆ, ಕಾರ್ಪೆಟ್‌ನವನು ಬರುವುದನ್ನು ನಾನು ತಡೆಯುವುದಿಲ್ಲ, ಅವನು ಬಂದಾಗ ಏಳನೆಯದು ಆಡುವ ಹಾಗಿದ್ದರೆ ವಾಪಸ್ ಕಳಿಸುತ್ತೇನೆ, ಇಲ್ಲದಿದ್ದರೆ ಇಬ್ಬರೂ ಲೆಕ್ಕ ತೀರಿಸಿಕೊಂಡು ಹೋಗಿ ಅಂದರು.

ಮೇಸ್ತ್ರಿಗೆ ವಿಷಯ ತಿಳಿದು ಸಿಟ್ಟು ಬಂತು. ನನಗೆ ಇನ್ನೆಷ್ಟು ದಿನ, ನಿನ್ನ ಕೆಲಸ ಉಳೀಲಿ ಅಂತ ಹೇಳಿದೆ, ಯಾರು ಕೇಳಿದ್ದರು ನಿನ್ನನ್ನು ಅಂತ ಅರ್ಧ ತಮಿಳಲ್ಲಿ ಬೈದರು. ನಾನು ಸಲಿಕೆ ತೆಗೆದುಕೊಂಡು ದಿಣ್ಣೆ ಹತ್ತಿದೆ. ಹಿಂದೆ ಕೋಲಿನ ಸದ್ದು ಕೇಳಿಸಿತು.

ಮೇಸ್ತ್ರಿ ಒಂದೇ ಮಾತು ಹೇಳಿದರು, ಮೇಲೆ ಮೇಲೆ ತೇಪೆ ಹಾಕುವುದು ಬೇಡ, ಬುಡದವರೆಗೆ ಕೀಳು. ಪುಡಿಯಷ್ಟೇ ಅಲ್ಲ, ಅದರ ನೀರು ಕುಡಿದ ಗರಸನ್ನೂ ಗೇಣು ಆಳ ತೆಗೆದೆವು. ಒದ್ದೆ ಪುಡಿ ಸೀಸದ ಹಾಗೆ ತೂಕ. ಅಕ್ಕ ಕಳೆ ಬಿಟ್ಟು ಬಂದು ಬಾಣಲಿ ಹೊತ್ತಳು. ಎಲ್ಲ ಮತ್ತೆ ಗುಡ್ಡದ ಬುಡಕ್ಕೇ. ಅಡಿಯಲ್ಲಿ ಸುಣ್ಣ ಹರಡಿ, ಹೊಸ ಗರಸು ತುಂಬಿ ದಿಮ್ಮಿಸಿದೆವು. ಮಳೆ ಬಂದಾಗ ಟಾರ್ಪಾಲು ಮುಚ್ಚುವುದು, ಬಿಟ್ಟಾಗ ತೆಗೆಯುವುದು. ಹದಿನೈದು ದಿನ ಹೋಯಿತು.

ಮರಳಿನದು ಮಾತ್ರ ಹಾಗೇ ಉಳಿಯಿತು. ಸೆಕ್ರೆಟರಿ ಕ್ರಷರ್‌ನಿಂದ ಎಂ-ಸ್ಯಾಂಡ್ ತರಿಸಿ ಕೊಟ್ಟರು. ಒಂದು ಮೂಲೆಯಲ್ಲಿ ಹಾಸಿ ನೋಡಿದೆವು. ಅದರ ಕಾಳು ಮೂಲೆ ಮೂಲೆ, ಆಯಿಲ್ ಹಿಡಿಯಲಿಲ್ಲ, ಚೆಂಡು ಎರಡು ಮೊಳ ಹೋಗಿ ಕಚ್ಚಿಕೊಂಡು ನಿಂತಿತು. ಹೊಳೆ ಮರಳಾದರೆ ಉರುಳಿ ಉರುಳಿ ದುಂಡಗಾಗಿರುತ್ತದೆ. ಪರ್ಮಿಟ್ ಮರಳಿಗೆ ಅರ್ಜಿ ಬರೆದು ಕೊಟ್ಟರು, ಮಳೆಗಾಲ ಮುಗಿಯಲಿ ಅಂತ ಉತ್ತರ ಬಂತು. ಕಾರ್ಪೆಟ್‌ನವನು ಬರಲು ಹನ್ನೆರಡು ದಿನ.

ಆವತ್ತು ಮಧ್ಯಾಹ್ನ ನಾವು ಮೂವರೂ ಎಂಟನೇ ಬ್ರೌನಿನ ಪಕ್ಕ ಮುದ್ದೆ ಉಣ್ಣುತ್ತಿದ್ದೆವು. ಬ್ರೌನಿನ ಅಂಚಿನಲ್ಲಿ ಮರಳು ನಡುವಿಗಿಂತ ದಪ್ಪ ಇರುತ್ತದೆ. ನಾವು ಹಲಗೆ ಒಳಗಿಂದ ಹೊರಗೆ ಎಳೆಯುತ್ತೇವಲ್ಲ, ವರ್ಷ ವರ್ಷ ಅಲ್ಲೇ ಹೋಗಿ ಕೂರುತ್ತದೆ. ನಾನು ಅದನ್ನೇ ನೋಡುತ್ತಿದ್ದೆ. ಮನಸ್ಸಿಗೆ ಬಂದದ್ದನ್ನು ಹೇಳಲು ಹೆದರಿಕೆಯಾಯಿತು. ಆದರೂ ಹೇಳಿದೆ. ಎಂಟು ಬ್ರೌನಿನ ಅಂಚಿನಿಂದಲೂ ಸುತ್ತ ಒಂದೊಂದು ಮೊಳ ಕೆರೆದರೆ ಏಳನೆಯದಕ್ಕೆ ಸಾಕಾಗುತ್ತದೆ. ಆಯಿಲ್ ಕುಡಿದ ಹಳೇ ಹೊಳೆ ಮರಳು, ಹೊಸದಕ್ಕಿಂತ ವಾಸಿ.

ಮೇಸ್ತ್ರಿಯ ಕೈ ತಟ್ಟೆಯಲ್ಲೇ ನಿಂತಿತು. 

"ಅಂಗಂದ್ರೆ ಒಂಬತ್ತೂ ಚಿಕ್ಕದಾಯ್ತದೆ," ಅಂದರು.

"ಒಂಬತ್ತೂ ಉಳೀತದೆ ಮೇಸ್ತ್ರಿ."

ಅವರು ಊಟ ಮುಗಿಸಲಿಲ್ಲ. ಕೈ ತೊಳೆದು ಶೆಡ್ಡಿನ ಕಡೆ ನಡೆದರು. ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದೆ. ಅಕ್ಕ ಮಾತ್ರ ಮೆಲ್ಲಗೆ, "ನೀನೇಳಿದ್ದು ಸರಿ ಐತೆ. ಅವರಿಗೆ ನೋವೂ ಐತೆ. ಎರಡೂ ಇರ್ತವೆ ಕಣ್ಲಾ," ಅಂದಳು.

ಮೇಸ್ತ್ರಿ ಹಗ್ಗ ಹಿಡಿದು ವಾಪಸ್ ಬಂದರು. ನಮ್ಮ ಮುಂದೆಯೇ ಕೂತರು. ಹಳೇ ಗಂಟು ಆಯಿಲ್ ಕುಡಿದು ಕಲ್ಲಾಗಿತ್ತು, ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಬಿಚ್ಚಿದರು. ನನ್ನ ಕೈ ಚಾಚಿಸಿ, ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹಗ್ಗ ಹಿಡಿದು, ಹಳೇ ಗಂಟಿನ ಜಾಗದಿಂದ ಅಷ್ಟು ಒಳಕ್ಕೆ ಹೊಸ ಗಂಟು ಹಾಕಿದರು.

"ನಡಿ," ಅಂದರು.

ಅವತ್ತೇ ಶುರು ಮಾಡಿದೆವು. ಕುಳಿಯಲ್ಲಿ ಗೂಟ, ಗೂಟಕ್ಕೆ ಹಗ್ಗ, ಹೊಸ ಗಂಟಿನ ಗುಂಟ ಸುಣ್ಣದ ಗೆರೆ. ಗೆರೆಯ ಹೊರಗಿನ ಮರಳನ್ನೆಲ್ಲ ಕೆರೆದು ಕೈಗಾಡಿಯಲ್ಲಿ ಶೆಡ್ಡಿಗೆ. ಗೆರೆ ಎಳೆಯುವಾಗ ಹಗ್ಗದ ತುದಿ ಅವರೇ ಹಿಡಿದರು, ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಂಟುತ್ತಾ ಎಂಟೂ ಸುತ್ತು ಬಂದರು. ಬೇರೆ ಯಾರಿಗೂ ಕೊಡಲಿಲ್ಲ. ಬೋಳಾದ ಬಳೆಯಂಥ ಜಾಗದಲ್ಲಿ ಆಯಿಲ್ ಮಣ್ಣು ತೆಗೆದು, ನಮ್ಮ ಮನೆಯ ಕೊಟ್ಟಿಗೆ ಗೊಬ್ಬರ ಬೈಕಿನಲ್ಲಿ ತಂದು ಹಾಕಿದೆ. ಅಕ್ಕ ಗೇಣಿಗೊಂದು ಗರಿಕೆ ಬೇರು ಊರಿಕೊಂಡು ಬಂದಳು. ಜಡಿ ಮಳೆ ಆ ಕೆಲಸಕ್ಕೆ ಮಾತ್ರ ಒಳ್ಳೆಯದು, ನಾಲ್ಕು ದಿನಕ್ಕೆ ಚಿಗುರಿತು.

ಏಳನೆಯದನ್ನು ಹಾಸಲು ಗರಸು ಒಣಗಬೇಕು. ಒಣಗಲು ಎರಡು ದಿನ ಬಿಸಿಲು ಬೇಕು. ಕಾರ್ತಿಕ ದೀಪ ಮುಗಿಯುವವರೆಗೆ ಮಳೆ ಬಿಡುವುದಿಲ್ಲ, ಕಾಯಿ ಅಂದರು ಮೇಸ್ತ್ರಿ. ನನ್ನ ಫೋನಿನಲ್ಲಿ ಬುಧವಾರ, ಗುರುವಾರ ಸೂರ್ಯ ತೋರಿಸುತ್ತಿತ್ತು. ಕಾದರೆ ಕಾರ್ಪೆಟ್‌ನವನೇ ಬಂದುಬಿಡುತ್ತಾನೆ. ಅದೊಂದು ದಿನ ನಾನು ಅವರ ಮಾತು ಕೇಳಲಿಲ್ಲ. ಬುಧವಾರ ಬೆಳಗ್ಗೆ ಟಾರ್ಪಾಲು ತೆಗೆದು ಬಿಸಿಲಿಗೆ ಬಿಟ್ಟೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಗರಸು ಬಿಳುಪಾಯಿತು. ಕೈಗಾಡಿ ಮೇಲೆ ಕೈಗಾಡಿ ಸುರಿದೆವು. ಎಂಟು ಕಡೆಯ ಮರಳು ಎಂಟು ಬಣ್ಣ ಇತ್ತು, ಕಲಸಿದ ಮೇಲೆ ಒಂದಾಯಿತು. ಉರುಳೆ ಎಳೆಯುತ್ತಿರುವಾಗ ಪೂರ್ವದ ಕಡೆಯಿಂದ ಮೋಡ ಬಂದು ಅರ್ಧ ಗಂಟೆ ಹನಿಯಿತು. ನಾನು ಟಾರ್ಪಾಲು ತರಲು ಓಡಿದೆ. ಮೇಸ್ತ್ರಿ ಕೈ ಎತ್ತಿ ತಡೆದರು. ನೀರು ಮುತ್ತು ಮುತ್ತಾಗಿ ನಿಂತು, ಉರುಳಿ, ಅಂಚಿನಿಂದ ಇಳಿದು ಹೋಯಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಮೂವರೂ ನೆನೆಯುತ್ತಾ ಅದನ್ನೇ ನೋಡುತ್ತಾ ನಿಂತಿದ್ದೆವು. ನನ್ನ ಈಗಿನ ಕೆಲಸದಲ್ಲಿ ಎಷ್ಟೋ ಒಳ್ಳೆಯ ಹುಲ್ಲು ನೋಡಿದ್ದೇನೆ. ಅಷ್ಟು ಹೊತ್ತು ನಿಂತು ಯಾವುದನ್ನೂ ನೋಡಿಲ್ಲ.

ಕಾರ್ಪೆಟ್‌ನವನು ಟೇಪು ಹಿಡಿದು ಬಂದ. ಸೆಕ್ರೆಟರಿ ಅವನನ್ನು ಏಳನೆಯದಕ್ಕೆ ಕರೆತಂದು ಚೆಂಡು ತಳ್ಳಿದರು. ಅವನಿಗೆ ಟೀ ಕುಡಿಸಿ, ಜನವರಿ ಆದ ಮೇಲೆ ನೋಡೋಣ ಅಂತ ಕಳಿಸಿದರು.

ಜನವರಿಯ ಚಳಿಗೆ ಬೇರೆ ಕಾಟ. ರಾತ್ರಿಯ ಮಂಜು ಮರಳಿನ ಮೇಲೆ ಕೂತರೆ ಚೆಂಡಿಗೆ ಮರಳು ಅಂಟುತ್ತದೆ. ಕತ್ತಲಲ್ಲಿ ಹಲಗೆ ಎಳೆದರೆ ಮಂಜೂ ಮರಳೂ ಸೇರಿ ಮುದ್ದೆ. ಬಿಸಿಲು ಒಂದು ಮಾರು ಏರಿದ ಮೇಲೆ ಎಳೆಯಬೇಕು, ಆಟಗಾರರು ಬರುವ ಮುಂಚೆ ಮುಗಿಸಬೇಕು. ಮ್ಯಾಚಿನ ದಿನ ಒಂಬತ್ತನ್ನೂ ನಾನೇ ಎಳೆದೆ. ಮೇಸ್ತ್ರಿ ಏಳನೆಯದರ ಅಂಚಿನಲ್ಲಿ ಬೀಡಿ ಹಚ್ಚಿಕೊಂಡು ನಿಂತಿದ್ದರು. ಬೀಡಿ ಎಸೆಯಲಿಲ್ಲ.

ಹೊರಗಿನಿಂದ ಬಂದವರಲ್ಲಿ ಒಬ್ಬ ಉದ್ದನೆಯವನು, ಮೊದಲ ಸಲ ಬಂದವನು, ಒಂದನೇ ಬ್ರೌನಿನ ಮುಂದೆ ನಿಂತು ಗ್ರೀನ್ ಎಲ್ಲಿ ಅಂತ ಹುಡುಕಿದ. ಎಲ್ಲರೂ ನಕ್ಕರು. ಎರಡನೆಯದರಿಂದ ಅವನೇ ಜಾಸ್ತಿ ಖುಷಿಯಲ್ಲಿದ್ದ. ನಮ್ಮ ಕಡೆಯ ಒಬ್ಬ ಹಳೇ ಮೆಂಬರು, ಇಲ್ಲೇ ಆಡಿ ಕೂದಲು ನೆರೆತವರು, ಏಳನೆಯದರಲ್ಲಿ ನಿಂತು ಹೆಜ್ಜೆ ಹಾಕಿ ಅಳೆದರು.  "ಏನ್ ಮೇಸ್ತ್ರಿ, ಚಿಕ್ಕದು ಮಾಡಿದ್ದೀಯಾ? ದೂರದಿಂದ ಹೊಡೆದರೆ ನಿಲ್ಲೋದೇ ಕಷ್ಟ," ಅಂದರು. ಮೇಸ್ತ್ರಿ, "ನಿಮ್ ಕೈ ಪಳಗೈತಲ್ಲ ಸಾರ್, ದೊಡ್ಡದು ಯಾಕೆ," ಅಂದರು. ಅವರು ನಕ್ಕು, ಚೆಂಡು ತಳ್ಳಿದರು. ಬಿತ್ತು.

ಆ ವಾರವೇ ಕಮಿಟಿ ಬ್ರೌನ್ ಇರಲಿ ಅಂತ ತೀರ್ಮಾನ ಮಾಡಿತು. ಸೆಕ್ರೆಟರಿ ಶೆಡ್ಡಿಗೇ ಬಂದು ಹೇಳಿ ಹೋದರು. ಅಕ್ಕ ಬಂಗಾರಪೇಟೆಯಿಂದ ಒಂದು ಕಿಲೋ ಮೈಸೂರ್ ಪಾಕ್ ತಂದಳು. ಮೇಸ್ತ್ರಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು, ಸೋಮವಾರದಿಂದ ನಾನು ಬರುವುದಿಲ್ಲ, ಮಗಳ ಮನೆಗೆ ಹೋಗುತ್ತೇನೆ ಅಂದರು. ತಮಾಷೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆ ಅಲ್ಲ.

"ಈಗ ಯಾಕೆ ಮೇಸ್ತ್ರಿ? ಉಳೀತಲ್ಲ. ಯಾರೂ ನಿಮ್ಮನ್ನ ಓಗು ಅಂದಿಲ್ಲ."

"ಅದಕ್ಕೇ ಓಗ್ತಾ ಇರೋದು ತಂಬಿ. ಅವರು ಓಗು ಅಂದಿದ್ರೆ ಓಯ್ತಿರ್ಲಿಲ್ಲ." ಮೊಣಕಾಲು ನೀವಿಕೊಂಡರು. "ನನ್ ಅಳತೆ ಇಪ್ಪತ್ತಡಿ. ಅದು ಮುಗೀತು. ಈಗಿರೋದು ನಿನ್ ಕೈ ಅಳತೆ. ಅದನ್ನ ನಾನೆಂಗೆ ಕಾಯ್ಲಿ?"

 ಸೋಮವಾರ ಬೆಳಗ್ಗೆ ಬಂದಾಗ ಶೆಡ್ಡಿನಲ್ಲಿ ನಾನು, ಅಕ್ಕ ಇಬ್ಬರೇ. ಮಂಜು ಆರಲಿ ಅಂತ ಸ್ವಲ್ಪ ಹೊತ್ತು ಕೂತೆವು. ಆಮೇಲೆ ಚಪ್ಪಲಿ ಬಿಟ್ಟು ಒಂದನೇ ಬ್ರೌನಿಗೆ ಹೋದೆ. ಎಳೆದು ಮುಗಿಸಿ ತಿರುಗಿ ಅಂಚಿನ ಕಡೆ ನೋಡಿದೆ. ಸರಿಯಾಗಿದೆಯೋ ಇಲ್ಲವೋ ನಾನೇ ನೋಡಿ ತಿಳಿಯಬೇಕಾಗಿತ್ತು. ಒಂದು ಕಡೆ ಗೆರೆ ಬಿದ್ದಿತ್ತು. ಮತ್ತೆ ಎಳೆದೆ.

ಎರಡು ವರ್ಷ ಹಾಗೇ ಮಾಡಿದೆ. ಆಮೇಲೆ ಆ ಕೆಲಸ ಬಿಟ್ಟೆ. ಯಾಕೆ ಬಿಟ್ಟೆ ಅನ್ನುವುದು ಈ ಮಾತಿಗೆ ಸೇರಿದ್ದಲ್ಲ. ನನಗೆ ಹೇಳಬೇಕು ಅನ್ನಿಸಿದ್ದು ಇಷ್ಟೇ ಇತ್ತು, ಹೇಳಿ ಆಯಿತು.